ಅಪ್‌ಡೇಟ್: ಅಣ್ಣಗ ಮೀಟಿಂಗ್ ಸಿಕ್ತು

ಕುಡಿತ ಬಿಡಬೇಕಂತಿದ್ದ ನಮ್ಮ ಅಣ್ಣಗ ಹುಬ್ಬಳ್ಳಿ-ಧಾರವಾಡದಾಗ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರ ಕುಡಿತ ಬಿಡೋರು ಕೂಡಿ ಒಬ್ಬರಿಗೊಬ್ಬರು ಆಸರಾಗೋ ಎಎ ಗುಂಪಿನ ಮೀಟಿಂಗ್ ಎಲ್ಲಿ ಅಂತ ಇಲ್ಲಿ ಕೇಳಿದ್ದೆ. ಸಿಕ್ತ್ರಿ.

ನೀವು ಹೇಳಿದಂಗ ಮೊದಲು ಧಾರವಾಡದ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರಿ ಡಿಮ್ಹಾನ್ಸ್‌ಗೆ ಕರಕೊಂಡು ಹೋದ್ವಿ. ದಿನಾ ಭಾಳ ಕುಡಿಯೋರು ಒಮ್ಮೆಲೇ ಬಿಟ್ರ ಬರೇ ಕೈ ನಡುಗೋದಲ್ಲ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ್ ಗುಳಿಗಿ ಕೊಟ್ಟು ಆ ದಿನಗಳನ್ನ ದಾಟಿಸಿದ್ರು. ಮೀಟಿಂಗಿನ ಜಾಗ, ವ್ಯಾಳ್ಯಾನೂ ಅಲ್ಲೇ ಗೊತ್ತಾತು.

ಫೀ ಇಲ್ಲ. ಕುಡಿಯೋದು ಬಿಡೋ ಆಸೆ ಇದ್ರ ಸಾಕು, ಮಾತಾಡ್ಲೇಬೇಕಂತನೂ ಇಲ್ಲ. ಅಣ್ಣ ಮೊದಲ ಸಲ ಬಾಯೇ ಬಿಡಲಿಲ್ಲಂತ. ಅವನ ಹೆದರಿಕಿ ಒಂದ ಇತ್ತು: ಗುರುತಿನವರು ಕಂಡ್ರ? ಕಂಡ್ರು! ಅವರೂ ಬಿಡಾಕಂತ ಬಂದವರು. ಚಾ ಕುಡುದು ಇಬ್ರೂ ಕೂಡೇ ಬಂದ್ರು. ಯಾರಂತ ನನಗೂ ಹೇಳವಲ್ಲ, ಅಲ್ಲಿಂದು ಅಲ್ಲೇ ಬಿಡಬೇಕಂತ. ಇಷ್ಟು ಗುಟ್ಟು ಮದುವಿ ಮಾತುಕತಿಯೊಳಗೂ ಇರಂಗಿಲ್ಲ ನಮ್ಮ ಕಡೆ.

ಮನಿಯವರು ‘ಓಪನ್’ ಮೀಟಿಂಗಿಗೆ ಮಾತ್ರ ಕೂಡಬಹುದು, ‘ಕ್ಲೋಸ್ಡ್’ ಇದ್ರ ಇಲ್ಲ. ನಾ ಹೊರಗ ಬೈಕ್ ಮ್ಯಾಲೆ ಕುಂತಿದ್ದೆ. ರಾತ್ರಿ ಚಡಪಡಿಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕ ಫೋನ್ ಹಚ್ಚಿದ್ವಿ, ಕನ್ನಡದಾಗೇ ಮಾತಾಡಿದ್ರು.

ಈಗ ವೈನಿ ಸಲುವಾಗಿ ಕೇಳ್ತೀನಿ: ಕುಡಿಯೋರ ಮನಿಯವರಿಗಂತ ಇರೋ ಅಲ್-ಅನಾನ್ ಗುಂಪು ಈ ಕಡೆ ಯಾರಿಗಾದ್ರೂ ಗೊತ್ತದನ್ರಿ?