“ತಲಿಗಿ ಹುಳ ಹತ್ಯಾದ”: ಈ ಮಾತಿಗೆ ಬದಲಿ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಶಾಲೆಗೆ ಕೊಡಬೇಕಾದ ಪತ್ರವೊಂದು ಒಂದೇ ಒಂದು ಪದಕ್ಕಾಗಿ ನಾಲ್ಕು ದಿನದಿಂದ ನನ್ನ ಮೇಜಿನ ಮೇಲೆ ಬಿದ್ದಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನನ್ನ ತಂಗಿಯ ಮಗಳಿಗೆ 11 ವರ್ಷ, ಸೇಡಂನಲ್ಲಿ ಓದುತ್ತಾಳೆ. ದೀಪಾವಳಿ ಮುಗಿದ ಮೇಲೆ ಒಂದು ದಿನ ಜಡೆ ಹಾಕುವಾಗ ಕಿವಿಯ ಹಿಂದೆ ಐದು ರೂಪಾಯಿ ಬಿಲ್ಲೆಯಷ್ಟು ಜಾಗ ನುಣ್ಣಗೆ ಕಂಡಿತು. ತಿಂಗಳು ತುಂಬುವಷ್ಟರಲ್ಲಿ ಇನ್ನೆರಡು ಕಡೆ ಹಾಗೇ ಆಯಿತು. ಕಲಬುರಗಿಗೆ ಕರೆಸಿಕೊಂಡು ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಚೀಟಿಯಲ್ಲಿ ‘ಅಲೋಪೇಶಿಯಾ ಏರಿಯೇಟಾ’ ಎಂದು ಬರೆದು, ಇದು ಅಂಟುವ ಕಾಯಿಲೆ ಅಲ್ಲ, ಶಾಲೆ ಬಿಡಿಸಬೇಡಿ ಎಂದರು. ಮನೆಗೆ ಬಂದರೆ ನಮ್ಮವ್ವನ ಮೊದಲ ಮಾತು: “ಹುಳ ಹತ್ಯಾದಂದ್ರೇನು?” ಶಾಲೆಯವರೂ ಅದನ್ನೇ ಹೇಳಿ ಕಳಿಸಿದ್ದರು: “ತಲಿಗಿ ಹುಳ ಹತ್ಯಾದ, ಆರಾಮಾದ ಮ್ಯಾಲ ಕಳಸ್ರಿ.” ಮಗು 15 ದಿನದಿಂದ ಮನೆಯಲ್ಲೇ ಇದೆ.

ಅವರ ಮನಸ್ಸು ಕೆಟ್ಟದ್ದೆಂದು ನಾನು ಹೇಳಲಾರೆ. ಹುಳ ಅಂದಕೂಡಲೇ ಅದು ಒಂದು ತಲೆಯಿಂದ ಇನ್ನೊಂದು ತಲೆಗೆ ಹರಿಯುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಹಲ್ಲಿಗೂ ನಾವು ಹುಳ ಹತ್ತಿದೆ ಅನ್ನುತ್ತೇವೆ, ಅಲ್ಲೂ ಹುಳ ಇಲ್ಲ. ಆದರೆ ಹುಳುಕು ಹಲ್ಲಿನ ಹುಡುಗನನ್ನು ಯಾರೂ ಬೇರೆ ಬೆಂಚಿಗೆ ಕೂರಿಸುವುದಿಲ್ಲ.

ಈ ಹುಳ ಕನ್ನಡದ್ದು ಮಾತ್ರವೇ ಎಂದು ನೋಡಿದೆ. ನಮ್ಮ ಸೀಮೆಯಲ್ಲಿ ನಾಲ್ಕು ಭಾಷೆ ಒಂದೇ ಓಣಿಯಲ್ಲಿ ಇರುತ್ತವಲ್ಲ. ಗುರುಮಠಕಲ್, ಸೇಡಂ ಕಡೆಯ ತೆಲುಗಿನವರು ಇದನ್ನು ‘ಪೇನುಕೊರುಕುಡು’ ಅನ್ನುತ್ತಾರೆ, ಅಂದರೆ ಹೇನು ಕಡಿತ. ಪೇನು, ಹೇನು ಒಂದೇ ಮಾತು, ಪಾಲು ಹಾಲಾದ ಹಾಗೆ. ತಮಿಳಿನ ‘ಪುಳುವೆಟ್ಟು’ವಿನಲ್ಲೂ ನಮ್ಮ ಹುಳವೇ ಕೂತಿದೆ. ಉರ್ದುವಿನವರದು ‘ಬಾಲ್‌ಖೋರಾ’: ಬಾಲ್ ಅಂದರೆ ಕೂದಲು, ಖೋರ್ ಅಂದರೆ ತಿನ್ನುವವ. ಲಂಚಖೋರನಲ್ಲಿ ಇರುವ ಖೋರನೇ ಇಲ್ಲಿ ಕೂದಲು ತಿನ್ನುತ್ತಾನೆ. ಭಾಲ್ಕಿಯ ಗೆಳತಿಯನ್ನು ಕೇಳಿದರೆ ಅವರ ಮನೆಯಲ್ಲಿ ಮರಾಠಿಯ ‘ಚಾಯಿ’ ಎನ್ನುತ್ತಾರಂತೆ. ಅಮರಕೋಶದಲ್ಲಿ ‘ಕೇಶಘ್ನ’ ಮತ್ತು ‘ಇಂದ್ರಲುಪ್ತಕ’ ಇವೆ. ಮೊದಲನೆಯದು ಕೂದಲನ್ನು ಕೊಲ್ಲುವಂಥದ್ದು. ಎರಡನೆಯದರ ‘ಲುಪ್ತ’ ಲೋಪಸಂಧಿಯ ಲೋಪವೇ. ಪದ ಚೆನ್ನಾಗಿದೆ, ಆದರೆ ಸೇಡಂನ ತರಗತಿಯಲ್ಲಿ ಅದನ್ನು ಯಾರಿಗೆ ಹೇಳಲಿ?

ಇಂಗ್ಲಿಷಿನವರು ಬಳಸುವ ಪದವೂ ನಿರ್ಮಲವೇನಲ್ಲ. ‘ಅಲೋಪೆಕ್ಸ್’ ಎಂದರೆ ಗ್ರೀಕಿನಲ್ಲಿ ನರಿ. ಕಜ್ಜಿ ಹತ್ತಿ ರೋಮ ಉದುರಿದ ನರಿಯಿಂದ ಅಲೋಪೇಶಿಯಾ ಬಂತು.

ಹಾಗಾದರೆ ನಿಜವಾಗಿ ಆಗುವುದೇನು? ರೋಗಾಣುಗಳ ಜೊತೆ ಹೋರಾಡಬೇಕಾದ ರಕ್ತದ ಬಿಳಿಕಣಗಳೇ ಕೂದಲ ಬುಡವನ್ನು ಹೊರಗಿನದೆಂದು ತಿಳಿದು ಮುತ್ತುತ್ತವೆ. ಸೂಕ್ಷ್ಮದರ್ಶಕದಲ್ಲಿ ಅದು ಜೇನುಹುಳುಗಳು ಮುತ್ತಿದಂತೆ ಕಾಣುತ್ತದೆಂದು ವೈದ್ಯರು ವರ್ಣಿಸುತ್ತಾರೆ. ಮಚ್ಚೆಯ ಅಂಚಿನ ಕೂದಲು ಬುಡದಲ್ಲಿ ಸಣ್ಣಗೆ, ಮೇಲೆ ದಪ್ಪಗೆ ಇರುತ್ತದೆ. ಆಶ್ಚರ್ಯಸೂಚಕ ಚಿಹ್ನೆಯ ಹಾಗೆ, ಅದಕ್ಕೆ ಅದೇ ಹೆಸರು ಕೂಡ. ಬುಡ ಸಾಯುವುದಿಲ್ಲ, ಕಲೆಗಟ್ಟುವುದಿಲ್ಲ. ಒಂದೆರಡು ಮಚ್ಚೆಯಷ್ಟೇ ಇದ್ದರೆ ಎಷ್ಟೋ ಜನರಿಗೆ ವರ್ಷದೊಳಗೆ ತಾನೇ ಮರಳಿ ಬರುತ್ತದೆ, ಮೊದಮೊದಲು ಬೆಳ್ಳಗೆ. ಕೆಲವರಿಗೆ ಮರುಕಳಿಸುತ್ತದೆ. ನೂರರಲ್ಲಿ ಸುಮಾರು ಇಬ್ಬರಿಗೆ ಬದುಕಿನ ಯಾವುದಾದರೂ ಹಂತದಲ್ಲಿ ಇದು ಕಾಣಿಸುತ್ತದೆ. ಬಾಚಣಿಗೆಯಿಂದ, ಟೊಪ್ಪಿಗೆಯಿಂದ ಹರಡುವುದು ಹುಳುಕಡ್ಡಿ, ಅಂದರೆ ಗಜಕರ್ಣ. ಅದರಲ್ಲಿ ಹೊಟ್ಟು ಏಳುತ್ತದೆ, ತುರಿಸುತ್ತದೆ, ಕೂದಲು ಮುರಿಯುತ್ತದೆ. ಅದು ಬೂಷ್ಟಿನ ಕೆಲಸ. ಅಲ್ಲೂ ಹುಳ ಇಲ್ಲ, ಹೆಸರಲ್ಲಿ ಮಾತ್ರ ಇದೆ. ಹೆಸರು ಹೀಗೆ ಬೆರೆತದ್ದರಿಂದಲೇ ನಮ್ಮ ಹುಡುಗಿಯ ತಲೆಗೆ ಬೆಳ್ಳುಳ್ಳಿ ಅರೆದು ತಿಕ್ಕಿ ಚರ್ಮ ಸುಟ್ಟರು.

ಪತ್ರಿಕೆಗಳಲ್ಲಿ ಈ ಬಗೆಯ ಕಾಯಿಲೆಗೆ ‘ಸ್ವಯಂ ನಿರೋಧಕ ರೋಗ’ ಎಂದು ಬರೆಯುವುದನ್ನು ಕಂಡಿದ್ದೇನೆ. ಓದಿದರೆ ತನ್ನನ್ನು ತಾನೇ ತಡೆದುಕೊಳ್ಳುವ ರೋಗ ಅನಿಸುತ್ತದೆ. ಅವ್ವನಿಗೆ ನಾನು ಹೇಳಿದ್ದು ಇಷ್ಟೇ: “ಬೇಲಿನೇ ಎದ್ದು ಹೊಲ ಮೇಯ್ದಂಗ ಆಗ್ಯಾದ, ಯವ್ವ.” ಒಂದೇ ಸಲಕ್ಕೆ ಅವಳಿಗೆ ತಿಳಿಯಿತು. ಗಾದೆ ಇದ್ದೂ ನಮಗೆ ಪದ ಇಲ್ಲವಲ್ಲ ಎಂಬುದೇ ನನ್ನ ಸಂಕಟ.

‘ಬೋಳು’ ಬೇಡವೇ ಬೇಡ. ಗುಡ್ಡಕ್ಕೆ, ಮರಕ್ಕೆ ಅದು ಸಲ್ಲುತ್ತದೆ. ಹೆಣ್ಣುಮಗುವಿನ ವಿಷಯಕ್ಕೆ ಬಂದರೆ ಬೋಳಿ, ಬೋಡಿ ಎಂಬ ಬೈಗುಳ ಬೆನ್ನಿಗೇ ಬರುತ್ತದೆ, ಮತ್ತು ಆ ಬೈಗುಳದೊಳಗೆ ಕೇಶಮುಂಡನ ಮಾಡಿಸಿಕೊಂಡ ವಿಧವೆಯರ ನೋವಿದೆ. ಬೋಳು ಎಂದರೆ ಮುಗಿದುಹೋಯಿತು ಎಂಬ ಧ್ವನಿಯೂ ಇದೆ.

ನನ್ನ ಮನಸ್ಸು ‘ಉದುರು’ ಕಡೆಗಿದೆ. ಎಲೆ ಉದುರಿದ ಮರ ಮತ್ತೆ ಚಿಗುರುತ್ತದೆ. ‘ಏರಿಯೇಟಾ’ದ ಮೂಲವಾದ ಲ್ಯಾಟಿನ್ ‘ಏರಿಯಾ’ಕ್ಕೆ ಬಯಲು ಎಂಬುದರ ಜೊತೆ ಕಣ ಎಂಬ ಅರ್ಥವೂ ಇದೆ, ರಾಶಿ ಮಾಡುವ ಕಣ. ತೊಗರಿ ನಾಡಿನವಳಾದ ನನಗೆ ಅದನ್ನು ಓದಿ ಮೈ ಝುಂ ಅಂದಿತು: ಸಗಣಿ ಸಾರಿಸಿ ನುಣುಪು ಮಾಡಿದ ದುಂಡನೆ ನೆಲ, ಸುತ್ತ ನಿಂತ ಬೆಳೆ. ಆದರೆ ‘ಕಣ’ ಈಗ ಜೀವಕಣ, ರಕ್ತಕಣಗಳ ಪಾಲಾಗಿದೆ, ಗೊಂದಲವಾದೀತು. ಅದಕ್ಕೆ ‘ಬಿಲ್ಲೆಯುದುರು’ ಅಂದುಕೊಂಡೆ. ಆಗ ಉಳಿದವೂ ಅದರ ಪಕ್ಕ ಬಂದು ಕೂರುತ್ತವೆ: ಟೈಫಾಯ್ಡೋ ಡೆಂಗಿಯೋ ಆಗಿ ಎರಡು-ಮೂರು ತಿಂಗಳಿಗೆ ತಲೆತುಂಬ ಉದುರುವುದು ಜ್ವರದುದುರು, ಹೆರಿಗೆಯಾದ ಮೇಲಿನದು ಬಾಣಂತಿಯುದುರು, ಬಿಗಿಜಡೆ ಎಳೆದೆಳೆದು ಹಣೆಯಂಚು ಸರಿಯುವುದು ಎಳೆತದುದುರು. ಹುಳುಕಡ್ಡಿ ಈ ಸಾಲಿನಿಂದ ಹೊರಗೆ ಉಳಿಯುತ್ತದೆ, ಉಳಿಯಲೇಬೇಕು.

ಭಾಲ್ಕಿಯ ಗೆಳತಿ ಒಪ್ಪಲಿಲ್ಲ. ತಲೆ, ಹುಬ್ಬು, ರೆಪ್ಪೆ ಎಲ್ಲ ಹೋದವರ ಮುಂದೆ ‘ಉದುರು’ ತೀರಾ ಹಗುರಾಯಿತು ಅನ್ನುತ್ತಾಳೆ. ಆ ಮಾತಿನಲ್ಲಿ ತೂಕವಿದೆ, ನನ್ನಲ್ಲಿ ಉತ್ತರವಿಲ್ಲ.

ನಿಮ್ಮೂರಲ್ಲಿ ಹುಳವೂ ಹೇನೂ ಇಲ್ಲದ ಹೆಸರು ಯಾವುದಾದರೂ ಇದೆಯೇ? ಹಿರಿಯರ ಬಾಯಲ್ಲಿ ಕೇಳಿದ್ದರೆ ಅವರು ಆಡಿದಂತೆಯೇ ಬರೆಯಿರಿ. ಪತ್ರ ಸೋಮವಾರ ಹೋಗಬೇಕು. ಸದ್ಯಕ್ಕೆ ಹೀಗೆ ಬರೆದಿದ್ದೇನೆ, ತಿದ್ದಿ ಕೊಡಿ: “ನಮ್ಮ ಹುಡುಗಿಗೆ ಆಗಿರುವುದು ಬಿಲ್ಲೆಯುದುರು. ಇದರಲ್ಲಿ ಹುಳವಿಲ್ಲ, ಇದು ಯಾರಿಗೂ ಅಂಟುವುದಿಲ್ಲ. ಅವಳನ್ನು ಅವಳ ಹಳೆಯ ಜಾಗದಲ್ಲೇ, ಗೆಳತಿಯರ ನಡುವೆ ಕೂರಿಸಬೇಕೆಂದು ಕೇಳಿಕೊಳ್ಳುತ್ತೇವೆ.”