ಸೆರಾಮಿಕ್ ಗೋಳದ ಒಳಗೆ ಜೀವಕೋಶ ಇಳಿಯುತ್ತಿಲ್ಲ, ಎಲ್ಲಿ ತಪ್ಪಿದೆ?

ಬೆಳಗಾವಿ_ಎಂಟೆಕ್:
ಎಲ್ಲರಿಗೂ ನಮಸ್ಕಾರ. ಕಣ್ಣು ತೆಗೆದ ಮೇಲೆ ಗುಳಿಯೊಳಗೆ ಕೂರಿಸುವ ರಂಧ್ರದ ಗೋಳ ಇರುತ್ತದಲ್ಲ, ನನ್ನ ಪ್ರಾಜೆಕ್ಟ್ ಅದರದು. ಸದ್ಯ ಲ್ಯಾಬಿಗೆ ಮಾತ್ರ. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ನಮ್ಮ ಬೆಳಗಾವಿಯಲ್ಲೇ ತಯಾರಾಗುವುದರಿಂದ ಪುಡಿಗೆ ತೊಂದರೆಯಿಲ್ಲ. ಸ್ಪಂಜನ್ನು ಅಲ್ಯುಮಿನಾ ರಾಡಿಯಲ್ಲಿ ಅದ್ದಿ, ಹಿಂಡಿ, ಒಣಗಿಸಿದೆ. ಸ್ಪಂಜು ಸುಟ್ಟುಹೋಗಲಿ ಅಂತ ನಿಧಾನಕ್ಕೆ ಕಾಯಿಸಿ, ಆಮೇಲೆ 1600 ಡಿಗ್ರಿಯಲ್ಲಿ ಸುಟ್ಟೆ. ಗೋಳ 20 ಮಿ.ಮೀ., ರಂಧ್ರ ಸುಮಾರು 500 ಮೈಕ್ರಾನ್.

ಅಂಗಾಂಶ ಕಟ್ಟುವ ಫೈಬ್ರೊಬ್ಲಾಸ್ಟ್ ಜೀವಕೋಶ ಬಿಟ್ಟು 14 ದಿನ ಬೆಳೆಸಿದೆ. ಜೀವಕೋಶಕ್ಕೆ ಹತ್ತುವ ಬಣ್ಣ ಹಾಕಿ ಎರಡು ಹೋಳು ಮಾಡಿದರೆ, ಮೋಸಂಬಿ ಸಿಪ್ಪೆಯಷ್ಟು ಹೊರಗಿನ ಪದರಕ್ಕೆ ಮಾತ್ರ ನೇರಳೆ ಹತ್ತಿದೆ. ನಡುವೆ ಸುಣ್ಣದ ಹಾಗೆ ಬೆಳ್ಳಗಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ. ರಂಧ್ರ ಇನ್ನೂ ದೊಡ್ಡದು ಮಾಡಬೇಕಾ?

ಇದು ನನಗೆ ಬರೀ ಮಾರ್ಕ್ಸಿನ ವಿಷಯ ಅಲ್ಲ. ಇಳಕಲ್ ಹತ್ತಿರದ ಕ್ವಾರಿಯಲ್ಲಿ ಕಲ್ಲಿನ ಚೂರು ಸಿಡಿದು ನಮ್ಮ ಕಾಕಾನ ಒಂದು ಕಣ್ಣು ಹೋಯಿತು. ಅವರಿಗೂ ಇಂಥದೇ ಗೋಳ ಹಾಕಿದ್ದಾರೆ. ಈಗ ಗೋಳದ ಮುಂದೆ ಮುಚ್ಚಿದ್ದ ಪೊರೆ ಸರಿದು ಅದರ ಬಿಳಿ ಚುಕ್ಕೆಯೊಂದು ಕಾಣುತ್ತಿದೆ.

ಉದ್ಯಮಬಾಗ_ಫೌಂಡ್ರಿ:
ತಂಗೀ, ಕಣ್ಣಿನ ವಿಷಯ ನನಗೆ ಗೊತ್ತಿಲ್ಲ, ಆದರೆ ನಿನ್ನ ಗೋಳ ನನಗೆ ಚೆನ್ನಾಗಿ ಗೊತ್ತು. ನಮ್ಮ ಫೌಂಡ್ರಿಗೆ ಬರುವ ಸೆರಾಮಿಕ್ ಫಿಲ್ಟರ್ ಮಾಡುವುದೂ ಇದೇ ಸ್ಪಂಜಿನ ಕ್ರಮದಲ್ಲಿ. ಕರಗಿದ ಲೋಹ ಅಚ್ಚಿಗೆ ಇಳಿಯುವ ದಾರಿಯಲ್ಲಿ ಕಸ ಹಿಡಿಯಲು ಅದನ್ನು ಇಡುತ್ತೇವೆ. ಪೆಟ್ಟಿಗೆ ಒಡೆದ ತಕ್ಷಣ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುವುದು ನನ್ನ ರೂಢಿ. ಕೆಲವದರಲ್ಲಿ ರಾಡಿ ಅಲ್ಲಲ್ಲಿ ಪೊರೆ ಕಟ್ಟಿರುತ್ತದೆ, ಜರಡಿಯ ಕಣ್ಣಿಗೆ ಹಸಿ ಹಿಟ್ಟು ಮೆತ್ತಿ ಒಣಗಿದ ಹಾಗೆ.

500 ಮೈಕ್ರಾನ್ ಅಂದೆಯಲ್ಲ, ಅದು ಕೋಣೆಯ ಅಳತೆಯೋ ಬಾಗಿಲಿನದೋ? ಕೋಣೆ ಎಷ್ಟು ದೊಡ್ಡದಿದ್ದರೇನು, ಬಾಗಿಲು ಮುಚ್ಚಿದ್ದರೆ ಯಾರೂ ಒಳಗೆ ಹೋಗುವುದಿಲ್ಲ. ಒಂದು ಗೋಳವನ್ನು ನೀಲಿ ಇಂಕಿನಲ್ಲಿ ಅರ್ಧ ತಾಸು ಮುಳುಗಿಸಿಟ್ಟು ಒಡೆದು ನೋಡು. ರಂಧ್ರ ದೊಡ್ಡದು ಮಾಡುವ ಯೋಚನೆ ಆಮೇಲೆ.

ಬೆಳಗಾವಿ_ಎಂಟೆಕ್:
ಅಣ್ಣಾ, ನಿಮ್ಮ ಮಾತು ನಿಜ. ಇಂಕು ಅರ್ಧಕ್ಕೂ ಹೋಗಿರಲಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ರಂಧ್ರದಿಂದ ಇನ್ನೊಂದಕ್ಕೆ ಹೋಗುವ ಕಿಂಡಿಗಳಲ್ಲಿ ಬಹಳಷ್ಟಕ್ಕೆ ತೆಳು ಪೊರೆ. ನಾನು ಅಳೆದದ್ದು ಕೋಣೆಯನ್ನೇ. ರಾಡಿ ಸ್ವಲ್ಪ ತೆಳು ಮಾಡಿದೆ. ಸ್ಪಂಜನ್ನು ಎರಡು ರೋಲರ್ ನಡುವೆ ಹಿಂಡಿ, ಹಸಿ ಇರುವಾಗಲೇ ಗಾಳಿ ಊದಿದೆ. ಈಗ ಇಂಕು ನಡುವಿನ ತನಕ ಹೋಗುತ್ತದೆ. ಜೀವಕೋಶ ಮಾತ್ರ 2 ಮಿ.ಮೀ. ದಾಟುತ್ತಿಲ್ಲ.

ವಿಜಯಪುರ_ಓಟಿ:
ಕಣ್ಣಿನ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ. ಮೊದಲು ಒಂದು ಪ್ರಶ್ನೆ. ಒಣ ಗೋಳವನ್ನು ಸೀದಾ ದ್ರವಕ್ಕೆ ಹಾಕುತ್ತೀಯಾ? ಹಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ. ವ್ಯಾಕ್ಯೂಮಿನಲ್ಲಿ ಇಟ್ಟು ಗುಳ್ಳೆ ಬರುವುದು ನಿಲ್ಲುವ ತನಕ ನೆನೆಸು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಿನ್ನ ಡಬ್ಬಿಯಲ್ಲಿ ರಕ್ತ ಇಲ್ಲ. ನಿಂತ ದ್ರವದಲ್ಲಿ ಒಳಗಿನ ಕೋಶಕ್ಕೆ ಆಕ್ಸಿಜನ್ ಸಾಕಷ್ಟು ಸಿಗುವುದಿಲ್ಲ. ದೇಹದಲ್ಲೂ ರಕ್ತನಾಳದಿಂದ 0.1–0.2 ಮಿ.ಮೀ. ದೂರವಾದರೆ ಕೋಶ ಬದುಕುವುದು ಕಷ್ಟ. ಅದಕ್ಕೇ ಅಲ್ಲಿ ಅಂಗಾಂಶ ಒಂದೇ ಬರುವುದಿಲ್ಲ, ರಕ್ತನಾಳವನ್ನೂ ಜೊತೆಗೆ ಕರೆದುಕೊಂಡು ಬರುತ್ತದೆ. ಸಣ್ಣ ಪಂಪು ಹಚ್ಚಿ ದ್ರವ ಗೋಳದ ಮೂಲಕವೇ ಹರಿಯುವ ಹಾಗೆ ಮಾಡು.

ಆಪರೇಷನ್ನಿನಲ್ಲಿ ನಾನು ಕಣ್ಣಾರೆ ನೋಡಿದ್ದು ಇದು. ಕಣ್ಣು ಆಡಿಸುವ ನಾಲ್ಕು ನೇರ ಸ್ನಾಯುಗಳನ್ನು ಗೋಳಕ್ಕೆ ಹೊಲಿಯುತ್ತಾರೆ. ದಾನದ ಕಣ್ಣಿನ ಬಿಳಿ ಗೋಡೆಯಲ್ಲಿ ಗೋಳ ಸುತ್ತಿದರೆ, ಸ್ನಾಯು ಕೂರುವ ಕಡೆ ಮತ್ತು ಹಿಂದೆ ಕಿಟಕಿ ಕತ್ತರಿಸುತ್ತಾರೆ. ರಕ್ತನಾಳ ಒಳಗೆ ನುಗ್ಗುವುದು ಆ ಕಿಟಕಿಗಳಿಂದಲೇ. 1985ರಲ್ಲಿ ಅಮೆರಿಕದ ಡಾ. ಆರ್ಥರ್ ಪೆರಿ ಹವಳದಿಂದ ಮಾಡಿದ ಹೈಡ್ರಾಕ್ಸಿಅಪಟೈಟ್ (ಮೂಳೆಯಲ್ಲಿರುವಂಥ ಖನಿಜ) ಗೋಳ ಬಳಕೆಗೆ ತಂದರು. ಅದರ ಗುಣವೇ ಒಂದಕ್ಕೊಂದು ಕೂಡಿದ ರಂಧ್ರ. ಫೌಂಡ್ರಿಯ ಅಣ್ಣ ಹೇಳಿದ ಬಾಗಿಲು ಹವಳದಲ್ಲಿ ಹುಟ್ಟಿನಿಂದಲೇ ತೆರೆದಿರುತ್ತದೆ. ಬೆಳವಣಿಗೆ ಚುರುಕು ಮಾಡುವ ಪ್ರೋಟೀನ್ ಹಚ್ಚಿ ಮೊಲಗಳಲ್ಲಿ ಪ್ರಯೋಗ ಮಾಡಿದ್ದಾರೆ. ನೀನು ಅಷ್ಟು ದೂರ ಈಗಲೇ ಹೋಗಬೇಡ, ದಾರಿ ಸರಿ ಮಾಡಿಕೋ.

ಕಾಕಾನ ವಿಷಯಕ್ಕೆ ತಡ ಮಾಡಬೇಡ. ಹಾಕಿದ ಗೋಳ ಅಳತೆಗಿಂತ ದೊಡ್ಡದಿದ್ದು ಮುಂದಿನ ಹೊಲಿಗೆ ಬಿಗಿಯಾದರೆ, ಮೇಲಿನ ಕೃತಕ ಕಣ್ಣಿನ ಚಿಪ್ಪು ಉಜ್ಜಿದರೆ, ಇಲ್ಲಾ ಒಳಗೆ ರಕ್ತನಾಳ ಬೇಗ ಬರದಿದ್ದರೆ ಹೀಗೆ ತೆರೆದುಕೊಳ್ಳುತ್ತದೆ. ಸಣ್ಣದಿದ್ದರೆ ಕೆಲವೊಮ್ಮೆ ತಾನೇ ಮುಚ್ಚುತ್ತದೆ, ದೊಡ್ಡದಕ್ಕೆ ತೇಪೆ ಹಾಕಬೇಕು. ಒಳಗೆ ರಕ್ತನಾಳ ಎಷ್ಟು ಬಂದಿದೆ ಅಂತ ಔಷಧಿ ಕೊಟ್ಟು ಮಾಡುವ ಎಂಆರ್‌ಐನಲ್ಲಿ ಕಾಣುತ್ತದೆ. ಕೀವು ಬರುತ್ತಿದೆಯಾ? ಬೀಡಿ ಸೇದುತ್ತಾರಾ?

ಬೆಳಗಾವಿ_ಎಂಟೆಕ್:
ಕೀವು ಇಲ್ಲ ಅಕ್ಕಾ. ಬೀಡಿ ಇದೆ. ಇವತ್ತು ಫೋನಿನಲ್ಲಿ ಅತ್ತು ಕೇಳಿಕೊಂಡೆ, ಬಿಡುತ್ತೇನೆ ಅಂದರು. ಚಿಪ್ಪು ಹಾಕಿದ ದಿನ ಸಂಜೆ ಹೊತ್ತಿಗೆ ಉರಿ ಅನ್ನುತ್ತಾರೆ. ಬುಧವಾರ ಕಣ್ಣಿನ ಗುಳಿ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇವೆ.

ಪಕ್ಕದ ಲ್ಯಾಬಿನಲ್ಲಿ ಪಂಪು ಕೊಟ್ಟಿದ್ದಾರೆ. ನಿನ್ನೆ ಹೊಸ ಗೋಳ ವ್ಯಾಕ್ಯೂಮಿನಲ್ಲಿ ಇಟ್ಟಾಗ ಪೂರ್ತಿ ಹತ್ತು ನಿಮಿಷ ಗುಳ್ಳೆ ಬರುತ್ತಲೇ ಇತ್ತು. ಇಷ್ಟು ಗಾಳಿ ಒಳಗಿತ್ತು ಅಂತ ನಂಬೋಕೆ ಆಗಲಿಲ್ಲ. ಹೋಳು ಮಾಡಿದ ದಿನ ಇಲ್ಲೇ ಫೋಟೋ ಹಾಕುತ್ತೇನೆ.