ಅಪ್‌ಡೇಟ್: ಆಪರೇಷನ್ ಭಯಕ್ಕೆ ಸತ್ಯವೇದ ಹೇಗೆ ಓದಲಿ ಎಂದು ಕೇಳಿದ್ದೆ

ಆಪರೇಷನ್ ಭಯಕ್ಕೆ ರಾತ್ರಿ ನಿದ್ದೆ ಬರುತ್ತಿಲ್ಲ, ಸತ್ಯವೇದ (ಬೈಬಲ್) ಓದಿದರೂ ಮನಸ್ಸಿಗೆ ಇಳಿಯುತ್ತಿಲ್ಲ ಎಂದು ಕೇಳಿದ್ದೆ ಅಲ್ವಾ? ಆಪರೇಷನ್ ಆಯಿತು, ಮನೆಗೆ ಬಂದಿದ್ದೇನೆ. ಉತ್ತರ ಬರೆದ ಎಲ್ಲರಿಗೂ ವಂದನೆ.

ಕೈ ಹಿಡಿದದ್ದು ಸಿಸ್ಟರ್ (ಕ್ರೈಸ್ತ ಸನ್ಯಾಸಿನಿ) ಒಬ್ಬರು ಹೇಳಿದ ದಾರಿ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ಕಲಿಸಿದ ಪ್ರಾರ್ಥನೆ ಅದು. ಸತ್ಯವೇದದ ಒಂದು ಘಟನೆಯನ್ನು ನಿಧಾನವಾಗಿ ಓದಿ, ಕಣ್ಣು ಮುಚ್ಚಿ, ನಾವೇ ಅದರೊಳಗೆ ಹೋಗಿ ನಿಲ್ಲುವುದು. ನಾನು ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಮತ್ತು ಶಿಷ್ಯರ ದೋಣಿಗೆ ಬಡಿದ ಬಿರುಗಾಳಿಯ ಘಟನೆ ಆರಿಸಿಕೊಂಡೆ. ದೋಣಿಯೊಳಗೆ ನೀರು ನುಗ್ಗುತ್ತಿದೆ. ಯೇಸು ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾರೆ. ಒದ್ದೆ ಹಗ್ಗ ಹಿಡಿದು ನಾನೂ ಅವರನ್ನು ಕೂಗಿದೆ. ನಾವು ಸಾಯುತ್ತಿದ್ದರೂ ನಿಮಗೆ ಚಿಂತೆಯಿಲ್ಲವೇ ಎಂದು ಶಿಷ್ಯರು ಕೇಳಿದ್ದು ನನ್ನದೇ ಮಾತು ಅನ್ನಿಸಿ ಅತ್ತುಬಿಟ್ಟೆ. ಮಾರ್ಕನಲ್ಲಿ ಯೇಸು ಮೊದಲು ಗಾಳಿಯನ್ನು ಸುಮ್ಮನಾಗಿಸುತ್ತಾರೆ. ಭಯ ಯಾಕೆ ಎಂದು ಕೇಳುವುದು ಆಮೇಲೆ. ಇದು ನನಗೆ ತುಂಬಾ ಧೈರ್ಯ ಕೊಟ್ಟಿತು.

ಸತ್ಯವೇದದ 91ನೇ ಕೀರ್ತನೆಯನ್ನು ಮತ್ತೆ ಮತ್ತೆ ಹೇಳುವುದು ನನಗೆ ಒಗ್ಗಲಿಲ್ಲ. ಬಾಯಿ ಹೇಳುತ್ತಿತ್ತು, ಮನಸ್ಸು ಆಪರೇಷನ್ ಥಿಯೇಟರ್‌ನಲ್ಲೇ ಇರುತ್ತಿತ್ತು. ದಿನಕ್ಕೊಂದು ಅಧ್ಯಾಯ ಓದುವುದೂ ಅಷ್ಟೆ.

ಹೊಸದಾಗಿ ತಿಳಿದದ್ದು: ಆ ಬಿರುಗಾಳಿ ಎದ್ದ ಗಲಿಲಾಯ ಸರೋವರ ಸಮುದ್ರಮಟ್ಟಕ್ಕಿಂತ 200 ಮೀಟರ್‌ಗೂ ಕೆಳಗಿದೆ. ಸುತ್ತಲಿನ ಬೆಟ್ಟಗಳಿಂದ ಗಾಳಿ ದಿಢೀರನೆ ಇಳಿಯುತ್ತದೆ. 1986ರಲ್ಲಿ ಅಲ್ಲಿ ಸಿಕ್ಕ, ಸುಮಾರು ಯೇಸುವಿನ ಕಾಲದ ದೋಣಿಯ ಉದ್ದ 8 ಮೀಟರ್ ಚಿಲ್ಲರೆ. ಅಷ್ಟು ಚಿಕ್ಕದು ಎಂದು ಗೊತ್ತಾದ ಮೇಲೆ ಆ ದೃಶ್ಯ ಇನ್ನೂ ಜಾಸ್ತಿ ಹತ್ತಿರವಾಯಿತು.

ಭಯ ಪೂರ್ತಿ ಹೋಗಲಿಲ್ಲ. ಸ್ಟ್ರೆಚರ್ ಮೇಲೂ ಎದೆ ಹೊಡೆದುಕೊಳ್ಳುತ್ತಿತ್ತು. ಆದರೆ ಒಬ್ಬಳೇ ಇದ್ದೇನೆ ಅನ್ನಿಸಲಿಲ್ಲ. ಶುರು ಮಾಡುವವರು ಚಿಕ್ಕ ಘಟನೆಯನ್ನೇ ಆರಿಸಿಕೊಳ್ಳಿ, ಅವಸರ ಬೇಡ.